ಅಜೈಲ್‌ನಿಂದ ಸಾಫ್ಟ್‌ವೇರ್ ಯೋಜನೆಗಳು ನಿಜಕ್ಕೂ ಗೆಲ್ಲುತ್ತವೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಅಜೈಲ್ ಎಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ತುಂಡುಗಳಾಗಿ ಕಟ್ಟಿ, ಬಳಕೆದಾರರಿಗೆ ತೋರಿಸಿ, ಅವರ ಮಾತು ಕೇಳಿ ತಿದ್ದುತ್ತಾ ಹೋಗುವ ಪದ್ಧತಿ. ಅದರ ಬಗ್ಗೆ ಸಾಫ್ಟ್‌ವೇರ್ ಬರೆಯುವವರು, ಬರೆಸುವವರು, ಈಗಷ್ಟೇ ಕಾಲೇಜು ಮುಗಿಸಿ ಟೀಮ್ ಸೇರಿದವರು ನನ್ನ ಬಳಿ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಹಳೆಯ ಕತೆಗಳನ್ನು ಕೆದಕಲೇಬೇಕಾಯಿತು.

ಸುತ್ತಿ ಬಳಸದೆ ಹೇಳಿ: ಅಜೈಲ್‌ನಿಂದ ಪ್ರಯೋಜನವಿದೆಯೋ ಇಲ್ಲವೋ?

ಇದೆ, ಎರಡು ಷರತ್ತು ಈಡೇರಿದರೆ. ಒಂದು, ಕೆಲಸ ಮಾಡುವ ಸಾಫ್ಟ್‌ವೇರ್ ಕೆಲವೇ ವಾರಗಳಿಗೊಮ್ಮೆ ನಿಜವಾದ ಬಳಕೆದಾರರ ಕೈಗೆ ಹೋಗಬೇಕು. ಎರಡು, ಅವರು ಹೇಳಿದ್ದನ್ನು ಕೇಳಿ ಮುಂದಿನ ಕೆಲಸವನ್ನು ಬದಲಿಸುವ ಅಧಿಕಾರ ಟೀಮಿನ ಪಕ್ಕದಲ್ಲೇ ಯಾರಿಗಾದರೂ ಇರಬೇಕು. ಇವೆರಡೂ ಇಲ್ಲದ ಕಡೆ ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು), ಸ್ಟ್ಯಾಂಡಪ್ (ದಿನದ ಚುಟುಕು ಸಭೆ), ರೆಟ್ರೊ (ಸುತ್ತು ಮುಗಿದ ಮೇಲೆ ಸರಿ ತಪ್ಪು ಮಾತಾಡುವ ಸಭೆ) ಎಲ್ಲವೂ ಇದ್ದು ಯೋಜನೆ ಮುಳುಗಿದ್ದನ್ನು ಬೇಕಾದಷ್ಟು ಕಂಡಿದ್ದೇವೆ. ಕೆಳಗಿನ ಉತ್ತರಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಎರಡು ಷರತ್ತುಗಳಿಗೇ ಬಂದು ನಿಲ್ಲುತ್ತವೆ.

ಅಜೈಲ್ ಎಂದರೆ ಸ್ಕ್ರಮ್ ತಾನೆ?

ಕೆಲಸವನ್ನು ಸ್ಪ್ರಿಂಟ್‌ಗಳಾಗಿ ಹಂಚಿಕೊಂಡು ನಡೆಸುವ ಸ್ಕ್ರಮ್ ಅದರ ಒಂದು ಬಗೆ ಮಾತ್ರ, ಆದರೆ ವಯಸ್ಸಿನಲ್ಲಿ ಹಿರಿಯದು. ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ ಅದನ್ನು ಒಂದು ಸಮ್ಮೇಳನದಲ್ಲಿ ಮಂಡಿಸಿದ್ದು 1995ರಲ್ಲಿ. ಕೆಂಟ್ ಬೆಕ್ ರೂಪಿಸಿದ ಇನ್ನೊಂದು ಬಗೆ, ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್, ಕ್ರೈಸ್ಲರ್ ಕಾರು ಕಂಪನಿಯ ಸಂಬಳದ ಲೆಕ್ಕದ ಯೋಜನೆಯೊಂದರಲ್ಲಿ ಬೆಳೆಯಿತು. 2001ರ ಫೆಬ್ರುವರಿಯಲ್ಲಿ ಇಂಥ ಬೇರೆ ಬೇರೆ ಪದ್ಧತಿಗಳ ಹದಿನೇಳು ಮಂದಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಸೇರಿ, ತಮ್ಮೆಲ್ಲರಿಗೂ ಒಪ್ಪಿಗೆಯಾಗುವ ನಾಲ್ಕು ಮೌಲ್ಯಗಳನ್ನು ಬರೆದು ಅದಕ್ಕೆ ಅಜೈಲ್ ಎಂದು ಹೆಸರಿಟ್ಟರು. ಜೊತೆಗೆ ಹನ್ನೆರಡು ತತ್ವಗಳಿವೆ. ಇವೆಲ್ಲವನ್ನೂ ಓದಿ ಮುಗಿಸಲು ಹತ್ತು ನಿಮಿಷ ಸಾಕು. ಅದರಲ್ಲಿ ಕೆಲಸಗಳ ಲೆಕ್ಕ ಇಡುವ ಜಿರಾ ತಂತ್ರಾಂಶದ ಟಿಕೆಟ್‌ನ ಮಾತಿಲ್ಲ, ಒಂದು ಕೆಲಸದ ಗಾತ್ರಕ್ಕೆ ಕೊಡುವ ಅಂಕವಾದ ಸ್ಟೋರಿ ಪಾಯಿಂಟ್‌ನ ಮಾತಿಲ್ಲ, ಎರಡು ವಾರದ ಸ್ಪ್ರಿಂಟ್ ಕಡ್ಡಾಯ ಎಂಬ ಮಾತೂ ಇಲ್ಲ. ಆ ಕ್ರೈಸ್ಲರ್ ಯೋಜನೆಯನ್ನು ಕಂಪನಿ 2000ದ ಆರಂಭದಲ್ಲಿ ನಿಲ್ಲಿಸಿಬಿಟ್ಟಿತು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅದು ಸುಮಾರು ಹತ್ತು ಸಾವಿರ ನೌಕರರಿಗೆ ಸಂಬಳ ಲೆಕ್ಕಹಾಕಿ ಕೊಟ್ಟಿತ್ತು. ಉಳಿದವರನ್ನು ಅದು ಮುಟ್ಟಲೇ ಇಲ್ಲ.

ಹಾಗಾದರೆ ಹಳೆಯ ವಾಟರ್‌ಫಾಲ್ ಅಷ್ಟು ಕೆಟ್ಟದ್ದೇ?

ಒಂದು ಹಂತ ಪೂರ್ತಿ ಮುಗಿದ ಮೇಲೆಯೇ ಮುಂದಿನದಕ್ಕೆ ಇಳಿಯುವ ಪದ್ಧತಿಯೇ ವಾಟರ್‌ಫಾಲ್. ಅದರ ಪಿತಾಮಹ ಎಂದು ಎಲ್ಲರೂ ಬೊಟ್ಟು ಮಾಡುವುದು ವಿನ್‌ಸ್ಟನ್ ರಾಯ್ಸ್ ಅವರತ್ತ. ಅವರ 1970ರ ಪ್ರಬಂಧದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಚಿತ್ರ ಇದೆ, ನಿಜ. ಆದರೆ ಕೆಲಸವನ್ನು ಹೀಗೆ ನೇರವಾಗಿ ಮಾಡಿದರೆ ಅಪಾಯ, ಸೋಲನ್ನು ಕರೆದಂತೆ ಎಂದು ಅದೇ ಪ್ರಬಂಧದಲ್ಲಿ ಅವರೇ ಬರೆದಿದ್ದಾರೆ. ಪರೀಕ್ಷೆ ಕೊನೆಯಲ್ಲಿ ಬರುವುದರಿಂದ ವಿನ್ಯಾಸದ ತಪ್ಪುಗಳು ಹಣವೆಲ್ಲ ಖರ್ಚಾದ ಮೇಲೆ ಬಯಲಾಗುತ್ತವೆ ಎಂಬುದು ಅವರ ಆತಂಕ. ಇಡೀ ವ್ಯವಸ್ಥೆಯನ್ನು ಒಮ್ಮೆ ಸಣ್ಣದಾಗಿ ಕಟ್ಟಿ ನೋಡಿ, ಆಮೇಲೆ ನಿಜವಾದದ್ದನ್ನು ಕಟ್ಟಿ ಎಂದು ಸಲಹೆ ಕೊಟ್ಟವರು ಅವರು. ಓದುಗರು ಚಿತ್ರ ನೋಡಿದರು, ಪಕ್ಕದ ಎಚ್ಚರಿಕೆಯನ್ನು ಓದಲಿಲ್ಲ.

ಒಂದು ಯೋಜನೆ ಗೆದ್ದಿತು ಎಂದು ಯಾವ ಅಳತೆಯಲ್ಲಿ ಹೇಳುವುದು?

ಅರ್ಧ ಜಗಳ ಇರುವುದೇ ಇಲ್ಲಿ. ಅಮೆರಿಕದ ಸಂಶೋಧನಾ ಸಂಸ್ಥೆ ಸ್ಟ್ಯಾಂಡಿಶ್ ಗ್ರೂಪ್ 1994ರಲ್ಲಿ ಹೊರತಂದ ಕೇಯಾಸ್ ವರದಿ ಶೇ 16.2ರಷ್ಟು ಯೋಜನೆಗಳು ಮಾತ್ರ ಗೆದ್ದವು ಎಂದಿತು. ಮುಂದಿನ ಮೂವತ್ತು ವರ್ಷ ಆ ಸಂಖ್ಯೆಯನ್ನು ಉಲ್ಲೇಖಿಸದ ಭಾಷಣವೇ ಇರಲಿಲ್ಲ. ಅದೇ ಸಂಸ್ಥೆಯ ನಂತರದ ವರದಿಗಳಲ್ಲಿ ಅಜೈಲ್ ಯೋಜನೆಗಳು ಮುಂದಿವೆ ಎಂದು ತೋರಿಸಿ ಸಾವಿರಾರು ಕಂಪನಿಗಳಿಗೆ ತರಬೇತಿ ಮಾರಿದವರಿದ್ದಾರೆ.

ಅಲ್ಲಿ ಗೆಲುವು ಎಂದರೆ ಮೊದಲು ಅಂದಾಜಿಸಿದ ಸಮಯ, ಅಂದಾಜಿಸಿದ ಹಣ, ಅಂದಾಜಿಸಿದ ಎಲ್ಲ ಸೌಲಭ್ಯಗಳು. ಈ ಅಳತೆಯಲ್ಲಿ ಯೋಜನೆ ಚೆನ್ನಾಗಿ ನಡೆಯಿತೇ ಎಂಬುದಕ್ಕಿಂತ ಮೊದಲ ದಿನದ ಅಂದಾಜು ಸರಿಯಾಗಿತ್ತೇ ಎಂಬುದೇ ಹೆಚ್ಚು ಗೊತ್ತಾಗುತ್ತದೆ. ಭಯಪಟ್ಟು ಎರಡು ಪಟ್ಟು ಅಂದಾಜು ಕೊಟ್ಟವನು ಗೆಲ್ಲುತ್ತಾನೆ, ಪ್ರಾಮಾಣಿಕವಾಗಿ ಹೇಳಿದವನು ಸೋಲುತ್ತಾನೆ. ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು 2010ರಲ್ಲಿ ಇದನ್ನು ಅಂಕಿಅಂಶಗಳ ಸಮೇತ ತೋರಿಸಿ, ಆ ವರದಿಯ ಸಂಖ್ಯೆಗಳಿಗೆ ಅರ್ಥವಿಲ್ಲ ಎಂದು ಬರೆದರು.

ನನ್ನ ಅಳತೆ ಬೇರೆ. ಬಿಡುಗಡೆಯಾಗಿ ಒಂದು ವರ್ಷವಾದ ಮೇಲೆ ಜನ ಅದನ್ನು ಬಳಸುತ್ತಿದ್ದಾರೆಯೇ? ಹಾಕಿದ ಹಣಕ್ಕೆ ತಕ್ಕ ಕೆಲಸ ಅದರಿಂದ ನಡೆಯುತ್ತಿದೆಯೇ? ಅದನ್ನು ಕಟ್ಟಿದವರು ಕೆಲಸ ಬಿಟ್ಟು ಓಡಿಹೋಗದೆ ಇನ್ನೂ ಅದನ್ನು ನೋಡಿಕೊಳ್ಳುತ್ತಿದ್ದಾರೆಯೇ?

ಸಂಶೋಧನೆಗಳು ಏನು ಹೇಳುತ್ತವೆ?

ಅಜೈಲ್ ಮಾರುವವರು ಹೇಳುವಷ್ಟು ಗಟ್ಟಿಯಾಗಿ ಅವು ಏನನ್ನೂ ಹೇಳುವುದಿಲ್ಲ. ನಾರ್ವೆಯ ಟೋರೆ ಡೂಬೊ ಮತ್ತು ಟಾರ್ಗೈರ್ ಡಿಂಗ್‌ಸೋಯರ್ 2008ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ 1,996 ಲೇಖನಗಳನ್ನು ಹುಡುಕಿ ತೆಗೆದರು. ಒಪ್ಪಬಹುದಾದ ಮಟ್ಟದ ಪ್ರಾಯೋಗಿಕ ಅಧ್ಯಯನಗಳಾಗಿ ಅವುಗಳಲ್ಲಿ ಉಳಿದದ್ದು 36. ಆ 36ರ ಸಾಕ್ಷ್ಯದ ಬಲವೂ ತೀರಾ ಕಡಿಮೆ ಎಂದೇ ಅವರು ಬರೆದರು. ಆ ಹೊತ್ತಿಗೆ ಅರ್ಧ ಜಗತ್ತು ಅಜೈಲ್‌ಗೆ ಬದಲಾಗಿತ್ತು ಎಂಬುದನ್ನು ನೆನೆದರೆ ಬೇಸರವಾಗುತ್ತದೆ.

2015ರಲ್ಲಿ ಪೆಡ್ರೊ ಸೆರಾಡರ್ ಮತ್ತು ಜೆಫ್ರಿ ಪಿಂಟೊ 1,002 ಯೋಜನೆಗಳ ಮಾಹಿತಿ ಕಲೆಹಾಕಿದರು. ಅಜೈಲ್ ಪದ್ಧತಿಯನ್ನು ಹೆಚ್ಚು ಬಳಸಿದಷ್ಟೂ ಸಮಯ, ಹಣ, ಸಂಬಂಧಪಟ್ಟವರ ತೃಪ್ತಿ ಎಲ್ಲದರಲ್ಲೂ ಫಲಿತಾಂಶ ಉತ್ತಮ ಎಂದು ಅವರಿಗೆ ಕಂಡಿತು. ಯೋಜನೆಯ ಗುರಿ ಸ್ಪಷ್ಟವಾಗಿದ್ದರೆ ಲಾಭ ಇನ್ನೂ ತುಸು ಹೆಚ್ಚಿರುವಂತೆ ತೋರಿತು. ಇದು ಒಳ್ಳೆಯ ಸುದ್ದಿಯೇ. ಆದರೆ ಮಾಹಿತಿ ಕೊಟ್ಟವರು ಆಯಾ ಯೋಜನೆಗಳಲ್ಲಿ ಇದ್ದವರೇ. ತಾನು ಅಜೈಲ್ ಮಾಡಿದೆ ಎಂದುಕೊಂಡವರು ತಾನು ಗೆದ್ದೆ ಎಂದುಕೊಳ್ಳುವ ಸಂಭವವೂ ಹೆಚ್ಚಿರುತ್ತದೆ. ಗೆದ್ದ ಯೋಜನೆಗಳಲ್ಲಿ ಒಳ್ಳೆಯ ಜನರಿದ್ದರು, ಒಳ್ಳೆಯ ಜನ ಅಜೈಲ್ ಆರಿಸಿಕೊಂಡರು ಎಂಬ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಆದ್ದರಿಂದ ಇಡೀ ಅಜೈಲ್ ಎಂಬ ಮೂಟೆಯನ್ನು ತೂಗುವ ಅಧ್ಯಯನಗಳಿಗಿಂತ ಅದರೊಳಗಿನ ಒಂದೊಂದು ಅಭ್ಯಾಸವನ್ನು ತೂಗಿದ ಅಧ್ಯಯನಗಳನ್ನು ನಾನು ಹೆಚ್ಚು ನಂಬುತ್ತೇನೆ. ಮೈಕ್ರೋಸಾಫ್ಟ್‌ನ ಮೂರು ಮತ್ತು ಐಬಿಎಂನ ಒಂದು ಟೀಮಿನಲ್ಲಿ, ಕೋಡ್‌ಗೆ ಮೊದಲೇ ಟೆಸ್ಟ್ ಬರೆಯುವ ಅಭ್ಯಾಸವನ್ನು ಪರೀಕ್ಷಿಸಿದ 2008ರ ಅಧ್ಯಯನ ಅಂಥದ್ದು. ಬಿಡುಗಡೆಗೆ ಮುಂಚಿನ ದೋಷಗಳ ಸಾಂದ್ರತೆ ಶೇ 40ರಿಂದ 90ರಷ್ಟು ಇಳಿಯಿತು. ಆರಂಭದ ಕೆಲಸಕ್ಕೆ ಶೇ 15ರಿಂದ 35ರಷ್ಟು ಹೆಚ್ಚು ಸಮಯ ಹಿಡಿಯಿತು. ಏನು ಸಿಗುತ್ತದೆ, ಅದಕ್ಕೆ ಏನು ತೆರಬೇಕು ಎರಡೂ ಇಲ್ಲಿ ಕಣ್ಣೆದುರಿಗಿವೆ.

ಅಜೈಲ್ ಯೋಜನೆಗಳು ಶೇ 268ರಷ್ಟು ಹೆಚ್ಚು ಸೋಲುತ್ತವೆ ಎಂದು 2024ರಲ್ಲಿ ಸುದ್ದಿಯಾಗಿತ್ತಲ್ಲ?

ಅದು 600 ಎಂಜಿನಿಯರುಗಳನ್ನು ಪ್ರಶ್ನಿಸಿ ಮಾಡಿದ ಸಮೀಕ್ಷೆ. ಮಾಡಿಸಿದವರು ತಮ್ಮದೇ ಬೇರೊಂದು ಪದ್ಧತಿಯನ್ನು ಪರಿಚಯಿಸುವ ಪುಸ್ತಕದ ಜೊತೆಗೇ ಅದನ್ನು ಹೊರತಂದರು. ಅಜೈಲ್‌ನ ಪರವಾಗಿ ಬರುವ ಇಂಥ ಸಂಖ್ಯೆಗಳನ್ನು ನಂಬದ ನಾನು ವಿರುದ್ಧವಾಗಿ ಬಂದದ್ದನ್ನೂ ನಂಬಲಾರೆ. ಆದರೂ ಕೆಲಸ ಶುರುವಾಗುವ ಮೊದಲು ಏನು ಬೇಕು ಎಂಬುದು ಸ್ಪಷ್ಟವಿರಬೇಕು, ಸಮಸ್ಯೆ ಎದುರಾದಾಗ ಹೆದರದೆ ಹೇಳುವಂತಿರಬೇಕು ಎಂದು ಅವರು ಒತ್ತಿ ಹೇಳಿದ್ದು ಸರಿಯೇ.

ದೊಡ್ಡ ಯೋಜನೆಯೊಂದು ಅಜೈಲ್‌ನಿಂದ ಬದುಕಿದ ಉದಾಹರಣೆ ಇದೆಯೇ?

ನನಗೆ ಅತ್ಯಂತ ಹಿಡಿಸಿದ ಉದಾಹರಣೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯದು. ಸರ್ಕಾರದ ಲೆಕ್ಕ ತಪಾಸಣೆಯ ವರದಿಗಳು ಅದರ ಹೆಜ್ಜೆ ಹೆಜ್ಜೆಯನ್ನೂ ದಾಖಲಿಸಿರುವುದರಿಂದ ಬರೀ ಬಾಯಿಮಾತಿನ ಕತೆಯಲ್ಲ.

ಕಾಗದದ ಕಡತಗಳನ್ನು ಕಂಪ್ಯೂಟರಿಗೆ ತರಲು ಅವರು ಮೊದಲು ಕಟ್ಟಿಸಿದ ವರ್ಚುವಲ್ ಕೇಸ್ ಫೈಲ್ ಎಂಬ ವ್ಯವಸ್ಥೆಯನ್ನು 2005ರಲ್ಲಿ ಕೈಬಿಟ್ಟರು. ಅಷ್ಟರಲ್ಲಿ ಸುಮಾರು 17 ಕೋಟಿ ಡಾಲರ್ ಹೋಗಿತ್ತು. 2006ರಲ್ಲಿ ಸೆಂಟಿನೆಲ್ ಎಂಬ ಹೊಸ ಯೋಜನೆಯನ್ನು ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ ಒಪ್ಪಿಸಿದರು. ನಾಲ್ಕು ಹಂತ, 42.5 ಕೋಟಿ ಡಾಲರ್, 2009ರ ಕೊನೆಗೆ ಮುಕ್ತಾಯ ಎಂಬುದು ಲೆಕ್ಕ. ಬಜೆಟ್ ಮುಂದೆ 45.1 ಕೋಟಿಗೆ ಏರಿತು. 2010ರ ಆಗಸ್ಟ್ ಹೊತ್ತಿಗೆ 40.5 ಕೋಟಿ ಖರ್ಚಾಗಿ, ನಾಲ್ಕರಲ್ಲಿ ಎರಡು ಹಂತ ಮಾತ್ರ ಕೈಗೆ ಬಂದಿದ್ದವು. ಇದೇ ದಾರಿಯಲ್ಲಿ ಹೋದರೆ ಇನ್ನೂ ಆರು ವರ್ಷ, ಇನ್ನೂ 35.1 ಕೋಟಿ ಬೇಕು ಎಂದು ಹೊರಗಿನ ತಜ್ಞರು ಹೇಳಿದರು.

ಆಗ ಎಫ್‌ಬಿಐ ಯೋಜನೆಯ ಚುಕ್ಕಾಣಿಯನ್ನು ತನ್ನ ಕೈಗೇ ತೆಗೆದುಕೊಂಡಿತು. ಇನ್ನೂರಕ್ಕೂ ಹೆಚ್ಚಿದ್ದ ಗುತ್ತಿಗೆಯ ಪಡೆ ನಲವತ್ತರ ಆಸುಪಾಸಿಗೆ ಇಳಿಯಿತು. ಉಳಿದ ಅಗತ್ಯಗಳನ್ನೆಲ್ಲ 670 ಯೂಸರ್ ಸ್ಟೋರಿಗಳಾಗಿ (ಬಳಕೆದಾರನಿಗೆ ಏನು ಬೇಕೆಂದು ಹೇಳುವ ಸಣ್ಣ ಬರಹಗಳಾಗಿ) ಒಡೆದು ಬ್ಯಾಕ್‌ಲಾಗ್‌ಗೆ, ಅಂದರೆ ಬಾಕಿ ಕೆಲಸದ ಪಟ್ಟಿಗೆ, ಹಾಕಿದರು. ಎರಡು ವಾರದ ಸ್ಪ್ರಿಂಟ್, ಪ್ರತಿ ಸ್ಪ್ರಿಂಟ್‌ನ ಕೊನೆಗೆ ಎಲ್ಲರೆದುರು ಡೆಮೊ. ಮುಗಿದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದನ್ನು ಮುಚ್ಚಿಡಲು ದಾರಿಯೇ ಉಳಿಯಲಿಲ್ಲ. 2011ರ ಶರತ್ಕಾಲದಲ್ಲಿ ನೂರಾರು ನೌಕರರನ್ನು ಕೂರಿಸಿ ನಡೆಸಿದ ಪರೀಕ್ಷೆಯಲ್ಲಿ ವ್ಯವಸ್ಥೆ ಎರಡು ಸಲ ಕುಸಿಯಿತು. ಹಳೆಯ ಯಂತ್ರಗಳಿಗೆ ಆ ಹೊರೆ ಹೊರುವ ಶಕ್ತಿ ಇರಲಿಲ್ಲ. ಬಿಡುಗಡೆಯನ್ನು ಮುಂದೂಡಿ ಹೊಸ ಯಂತ್ರಗಳನ್ನು ತರಿಸಿದರು. 2012ರ ಜುಲೈನಲ್ಲಿ ಇಡೀ ಸಂಸ್ಥೆ ಸೆಂಟಿನೆಲ್ ಬಳಸತೊಡಗಿತು. ಒಟ್ಟು ಖರ್ಚು ಆ 45.1 ಕೋಟಿಯ ಮಿತಿ ದಾಟಲಿಲ್ಲ.

ಅವರು ಒಂದು ವರ್ಷದಲ್ಲಿ ಮುಗಿಸುತ್ತೇವೆ ಎಂದಿದ್ದರು, ಅದು ಆಗಲಿಲ್ಲ. ಸ್ಟ್ಯಾಂಡಿಶ್‌ನ ಅಳತೆಯಲ್ಲಿ ಇದು ಗೆದ್ದ ಯೋಜನೆಯಲ್ಲ. 2014ರ ತಪಾಸಣೆಯಲ್ಲೂ ಹುಡುಕುವ ಸೌಲಭ್ಯದ ಬಗ್ಗೆ ಬಳಕೆದಾರರು ಗೊಣಗಿದರು, ಒಟ್ಟಾರೆ ಕೆಲಸಕ್ಕೆ ಅನುಕೂಲವಾಗಿದೆ ಎಂದೂ ಹೇಳಿದರು. ಮೊದಲ ಎರಡು ಹಂತಗಳಲ್ಲಿ ಸುರಿದ ಹಣದ ತಳಪಾಯದ ಮೇಲೆ ಅಜೈಲ್ ಟೀಮ್ ನಿಂತಿತ್ತು ಎಂಬ ವಾದವೂ ನ್ಯಾಯವೇ. ಆದರೆ ನನ್ನ ಗಮನ ಸೆಳೆಯುವುದು ಆ ಎರಡು ಕುಸಿತಗಳು. ಬಿಡುಗಡೆಯ ಬೆಳಿಗ್ಗೆ ದೇಶದ ಎದುರು ಆಗಬೇಕಾದದ್ದು ಪರೀಕ್ಷೆಯ ಕೋಣೆಯಲ್ಲಿ ಆಗಿಹೋಯಿತು. 2013ರ ಅಕ್ಟೋಬರ್ 1ರಂದು ಒಂದೇ ಏಟಿಗೆ ತೆರೆದ ಅಮೆರಿಕದ ಆರೋಗ್ಯ ವಿಮೆಯ ಜಾಲತಾಣ ಹೆಲ್ತ್‌ಕೇರ್‌.ಗವ್‌ಗೆ ಆ ಅದೃಷ್ಟ ಇರಲಿಲ್ಲ. ಮೊದಲ ದಿನ ಅಲ್ಲಿ ನೋಂದಣಿ ಪೂರ್ತಿಗೊಳಿಸಲು ಸಾಧ್ಯವಾದದ್ದು ಆರು ಜನರಿಗೆ.

ಅಜೈಲ್ ಎಂದು ಸಾರಿಕೊಂಡೇ ಸೋತದ್ದು?

ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್. ಆರು ಬಗೆಯ ಸರ್ಕಾರಿ ನೆರವನ್ನು ಒಂದೇ ಪಾವತಿಯಾಗಿಸುವ ಯೋಜನೆ ಅದು, ಅಜೈಲ್‌ನಲ್ಲೇ ಕಟ್ಟುತ್ತೇವೆ ಎಂದು ಇಲಾಖೆ ಹೊರಟಿತು. ಅಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ಮಾಡಿದ ಅನುಭವ ಇಲಾಖೆಗೆ ಇರಲಿಲ್ಲ. ಗುತ್ತಿಗೆಗಳು ಹಳೆಯ ಮಾದರಿಯಲ್ಲಿದ್ದವು, ದೇಶವ್ಯಾಪಿ ಜಾರಿಯ ದಿನಾಂಕವನ್ನು ಮೊದಲೇ ಘೋಷಿಸಿಯಾಗಿತ್ತು. 2013ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕ ತಪಾಸಣಾ ಕಚೇರಿ ಬರೆದ ವರದಿ ಓದಬೇಕು: ಟೀಮ್ ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡಿತ್ತು, ಮೇಲಿನವರಿಗೆ ಒಳ್ಳೆಯ ಸುದ್ದಿ ಮಾತ್ರ ತಲುಪುತ್ತಿತ್ತು. 3.4 ಕೋಟಿ ಪೌಂಡ್ ಮೌಲ್ಯದ ಸಾಫ್ಟ್‌ವೇರ್ ಕಸಕ್ಕೆ ಹೋಯಿತು.

ಅದೇ ಯೋಜನೆಯ ಎರಡನೇ ಜನ್ಮ 2014ರ ನವೆಂಬರ್‌ನಲ್ಲಿ ಲಂಡನ್ನಿನ ಸಟನ್ ಎಂಬ ಒಂದೇ ಬಡಾವಣೆಯಲ್ಲಿ, ಸ್ವಲ್ಪವೇ ಅರ್ಜಿದಾರರೊಂದಿಗೆ ಶುರುವಾಯಿತು. ನೋಡಿ, ತಿದ್ದಿ, ಮುಂದಿನ ಊರಿಗೆ ಹೋಗಿ ಎಂಬ ಕ್ರಮ. ಕೋವಿಡ್ ಬಂದಾಗ, 2020ರ ಮಾರ್ಚ್‌ನ ಕೊನೆಯ ಎರಡು ವಾರಗಳಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಅರ್ಜಿಗಳು ಬಂದರೂ ಅದು ಕುಸಿಯದೆ ನಿಂತಿತು. ಆದರೆ ಮೊದಲ ಪಾವತಿಗೆ ಐದು ವಾರ ಕಾಯಬೇಕೆಂಬ ನಿಯಮ ಬಡವರನ್ನು ಹಿಂಡಿದ್ದು ಹಿಂಡಿದ್ದೇ. ಕೆಟ್ಟ ನೀತಿಯನ್ನು ಒಳ್ಳೆಯ ಸಾಫ್ಟ್‌ವೇರ್ ಸರಿಮಾಡುವುದಿಲ್ಲ, ಮತ್ತಷ್ಟು ಚುರುಕಾಗಿ ಜಾರಿಗೆ ತರುತ್ತದೆ.

ನಮ್ಮ ಟೀಮಿನಲ್ಲಿ ಎಲ್ಲ ಆಚರಣೆಗಳೂ ಇವೆ. ಆದರೂ ಪ್ರತಿ ರಿಲೀಸ್ ತಡ. ಏಕೆ?

ನಾಳೆ ನಿಮ್ಮ ಸ್ಟ್ಯಾಂಡಪ್‌ನಲ್ಲಿ ಯಾರು ಯಾರ ಮುಖ ನೋಡಿ ಮಾತಾಡುತ್ತಾರೆ ಎಂದು ಗಮನಿಸಿ. ಒಬ್ಬಳು ಟಿಕೆಟ್ ಸಂಖ್ಯೆ ಹೇಳುತ್ತಾಳೆ, ಶೇ 80 ಮುಗಿದಿದೆ ಎನ್ನುತ್ತಾಳೆ, ಮ್ಯಾನೇಜರ್ ತಲೆಯಾಡಿಸುತ್ತಾರೆ, ಸರದಿ ಮುಂದಿನವನಿಗೆ ಹೋಗುತ್ತದೆ. ಪಕ್ಕದಲ್ಲಿ ಕುಳಿತವನಿಗೆ ಅವಳ ಸಮಸ್ಯೆಯ ಉತ್ತರ ಗೊತ್ತಿದೆ. ಅವನು ತನ್ನ ಸರದಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುವುದರಿಂದ ಅವಳ ಮಾತು ಅವನ ಕಿವಿಗೆ ಬೀಳುವುದೇ ಇಲ್ಲ. ಹದಿನೈದು ನಿಮಿಷದ ಸಭೆ ಮುಕ್ಕಾಲು ಗಂಟೆಯಾಗುತ್ತದೆ. ಹಾಜರಿ ಕೂಗುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಡೆಮೊ ಕತೆಯೂ ಹೀಗೇ. ಡೆವಲಪರ್ ತೋರಿಸುತ್ತಾನೆ, ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಚೆನ್ನಾಗಿದೆ ಎನ್ನುತ್ತಾರೆ, ಬಳಕೆದಾರ ಆ ಕೋಣೆಯಲ್ಲೇ ಇಲ್ಲ. ಗೋದಾಮಿನ ಸಾಫ್ಟ್‌ವೇರ್ ಮಾಡುವಾಗ ನಾವು ಒಮ್ಮೆ ಸರಕು ಇಳಿಸಿಕೊಳ್ಳುವ ಗುಮಾಸ್ತರನ್ನೇ ಕರೆಸಿ ಅವರ ಕೈಗೆ ಮೌಸ್ ಕೊಟ್ಟೆವು. ನಮ್ಮ ಪರದೆ ಒಂದೊಂದು ವಸ್ತುವನ್ನೂ ಬೇರೆ ಬೇರೆಯಾಗಿ ನಮೂದಿಸಲು ಹೇಳುತ್ತಿತ್ತು. ಅವರು ಎರಡು ನಿಮಿಷ ನೋಡಿ, “ಸರ್, ಲಾರಿ ಬಾಗಿಲಲ್ಲಿ ನಿಂತಿರುತ್ತದೆ, ನನ್ನ ಹತ್ತಿರ ಇನ್‌ವಾಯ್ಸ್ ಇರುತ್ತದೆ. ನಾನು ಇನ್‌ವಾಯ್ಸ್ ನಂಬರ್ ಹೊಡೆದರೆ ಎಲ್ಲ ಬರಬೇಕು, ಬಾರದೇ ಇದ್ದದ್ದನ್ನು ಮಾತ್ರ ನಾನು ಅಳಿಸಬೇಕು” ಎಂದರು. ಪುಟಗಟ್ಟಲೆ ದಾಖಲೆಯಲ್ಲಿ ಯಾರೂ ಬರೆಯದ ವಿಷಯವದು. ಅಂದೇ ಸಂಜೆ ಬ್ಯಾಕ್‌ಲಾಗ್‌ನ ಅರ್ಧದಷ್ಟು ಸ್ಟೋರಿಗಳನ್ನು ತೆಗೆದುಹಾಕಿದೆವು. ಅಜೈಲ್‌ನ ಬೆಲೆ ನನಗೆ ಕಾಣುವುದು ಹೀಗೆ ತೆಗೆದುಹಾಕಿದ ಕೆಲಸದಲ್ಲಿ.

ಸ್ಟೋರಿ ಪಾಯಿಂಟ್ ಮತ್ತು ವೆಲಾಸಿಟಿಯಿಂದ ಟೀಮುಗಳನ್ನು ಹೋಲಿಸಬಹುದೇ?

ಬೇಡ. ವೆಲಾಸಿಟಿ ಎಂದರೆ ಒಂದು ಸ್ಪ್ರಿಂಟ್‌ನಲ್ಲಿ ಟೀಮ್ ಮುಗಿಸಿದ ಪಾಯಿಂಟ್‌ಗಳ ಮೊತ್ತ. ಹೋಲಿಸಲು ಶುರುಮಾಡಿದ ತಿಂಗಳೇ ಮೂರು ಪಾಯಿಂಟ್‌ನ ಕೆಲಸ ಐದಾಗುತ್ತದೆ, ಐದು ಎಂಟಾಗುತ್ತದೆ. ಗ್ರಾಫ್ ಏರುತ್ತದೆ, ಕೆಲಸ ಅಷ್ಟೇ ಇರುತ್ತದೆ.

ಕ್ಲೈಂಟ್ ನ್ಯೂಯಾರ್ಕ್‌ನಲ್ಲಿ, ನಾವು ಬೆಂಗಳೂರಿನಲ್ಲಿ, ಗುತ್ತಿಗೆ ನಿಗದಿತ ಬೆಲೆಯದು. ಅಜೈಲ್ ಸಾಧ್ಯವೇ?

ಕಷ್ಟ, ಮತ್ತು ಆ ಕಷ್ಟವನ್ನು ಡೆವಲಪರ್‌ಗಳ ತಲೆಗೆ ಕಟ್ಟುವುದು ಅನ್ಯಾಯ. ನಮ್ಮ ಸಂಜೆ ಏಳು ಗಂಟೆ ಬೇಸಿಗೆಯಲ್ಲಿ ಅವರ ಬೆಳಿಗ್ಗೆ ಒಂಬತ್ತೂವರೆ. ಬೆಳಿಗ್ಗೆ ಹತ್ತಕ್ಕೆ ಎದ್ದ ಒಂದು ಸಣ್ಣ ಅನುಮಾನಕ್ಕೆ ಉತ್ತರ ಸಿಗಲು ಒಂದು ದಿನ ಬೇಕು. ಎರಡು ವಾರದ ಸ್ಪ್ರಿಂಟ್‌ನಲ್ಲಿ ಕೆಲಸದ ದಿನಗಳಿರುವುದೇ ಹತ್ತು. ಅಂಥ ಮೂರು ಅನುಮಾನ ಸಾಲಾಗಿ ಬಂದರೆ ಸ್ಪ್ರಿಂಟ್ ಕೈತಪ್ಪಿತು. ಇದಕ್ಕೆ ಇರುವ ಮದ್ದು ನಿರ್ಧಾರ ತೆಗೆದುಕೊಳ್ಳಬಲ್ಲ ಒಬ್ಬ ವ್ಯಕ್ತಿ ಇಲ್ಲೇ ಇರುವುದು. ಅವರ ಮಾತನ್ನು ಕ್ಲೈಂಟ್ ರಾತ್ರೋರಾತ್ರಿ ಬದಲಿಸಬಾರದು. ರಾತ್ರಿ ಹನ್ನೊಂದರವರೆಗೆ ಟೀಮನ್ನು ಕರೆಯಲ್ಲಿ ಕೂರಿಸುವುದು ಮದ್ದಲ್ಲ, ಅದು ಜನರನ್ನು ಸವೆಸುವ ಬಗೆ.

ಗುತ್ತಿಗೆಯ ಮಾತು ಇನ್ನೂ ಗಂಭೀರ. ಬೆಲೆ, ದಿನಾಂಕ, ಸೌಲಭ್ಯಗಳ ಪಟ್ಟಿ ಮೂರನ್ನೂ ಸಹಿ ಹಾಕಿ ಬಿಗಿದ ಮೇಲೆ ಬಳಕೆದಾರರಿಂದ ಕಲಿತದ್ದನ್ನು ಇಡಲು ಜಾಗವೆಲ್ಲಿದೆ? ಪ್ರತಿ ಬದಲಾವಣೆಗೂ ಚೇಂಜ್ ರಿಕ್ವೆಸ್ಟ್, ಅದಕ್ಕೊಂದು ದರ, ಅದಕ್ಕೊಂದು ಜಗಳ. ಮೂರರಲ್ಲಿ ಪಟ್ಟಿಯನ್ನಾದರೂ ಸಡಿಲ ಬಿಡುವಂತೆ ಮೊದಲೇ ಒಪ್ಪಿಸಿ. ಉದಾಹರಣೆಗೆ, ಮಾಡದೇ ಉಳಿದ ಸೌಲಭ್ಯದ ಬದಲು ಅಷ್ಟೇ ಗಾತ್ರದ ಬೇರೆಯದನ್ನು ಕ್ಲೈಂಟ್ ಬೆಲೆ ಹೆಚ್ಚಿಸದೆ ಸೇರಿಸಬಹುದು ಎಂಬ ಒಂದು ಷರತ್ತು ಗುತ್ತಿಗೆಯಲ್ಲಿದ್ದರೂ ವಾತಾವರಣ ಬದಲಾಗುತ್ತದೆ.

ನಮ್ಮ ಕಚೇರಿಗಳಲ್ಲಿ ಇನ್ನೊಂದು ತೊಡಕಿದೆ. ಹಿರಿಯರ ಎದುರು “ಸರ್, ಇದು ಆ ದಿನಾಂಕಕ್ಕೆ ಆಗುವುದಿಲ್ಲ” ಎಂದು ಹೇಳಲು ಕಿರಿಯರಿಗೆ ನಾಲಿಗೆ ಏಳುವುದಿಲ್ಲ. ಅಪ್ರೈಸಲ್ ಕೈಯಲ್ಲಿ ಹಿಡಿದವರೇ ರೆಟ್ರೊದಲ್ಲೂ ಕುಳಿತಿದ್ದರೆ ಎಲ್ಲವೂ ಚೆನ್ನಾಗಿತ್ತು ಎಂಬ ಉತ್ತರವೇ ಬರುತ್ತದೆ. ಮ್ಯಾನೇಜರುಗಳೇ, ರೆಟ್ರೊದಿಂದ ಎದ್ದು ಹೊರಗೆ ಹೋಗಿ. ಆಮೇಲೆ ಟೀಮ್ ಕೊಡುವ ಪಟ್ಟಿಯಲ್ಲಿ ಒಂದನ್ನಾದರೂ ಅದೇ ವಾರ ಸರಿಪಡಿಸಿ ತೋರಿಸಿ.

ಅಜೈಲ್ ಎಂದರೆ ದಾಖಲೆಯೂ ವಿನ್ಯಾಸವೂ ಬೇಡ ಎಂದಲ್ಲವೇ?

ಹಾಗೆ ಯಾರೂ ಬರೆದಿಲ್ಲ. ಸ್ನೋಬರ್ಡ್‌ನವರು ಹೇಳಿದ್ದು ಪುಟಗಟ್ಟಲೆ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ ಎಂದು. ಡೇಟಾಬೇಸ್ ಹೇಗಿರಬೇಕು, ಭದ್ರತೆ ಹೇಗೆ, ಹೊರಗಿನ ವ್ಯವಸ್ಥೆಗಳೊಂದಿಗೆ ಮಾತುಕತೆ ಹೇಗೆ ಎಂಬಂಥ, ಆಮೇಲೆ ಬದಲಿಸಲು ದುಬಾರಿಯಾಗುವ ನಿರ್ಧಾರಗಳಿಗೆ ಮೊದಲೇ ಕುಳಿತು ಯೋಚಿಸಬೇಕು. ಏಕೆ ಹೀಗೆ ಮಾಡಿದೆವು ಎಂಬ ಒಂದು ಪುಟ ಬರೆದಿಡಬೇಕು. ಎರಡು ವರ್ಷದ ನಂತರ ಬರುವ ಹೊಸಬರು ನಿಮ್ಮನ್ನು ಹರಸುತ್ತಾರೆ.

ಎಲ್ಲಿ ಅಜೈಲ್ ಬೇಡ?

ಏನು ಬೇಕೆಂಬುದು ಪೂರ್ತಿ ಗೊತ್ತಿರುವ, ಬದಲಾಗದ ಕೆಲಸಕ್ಕೆ ಅದರ ಅಗತ್ಯ ಕಡಿಮೆ. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಮಾಹಿತಿ ವರ್ಗಾಯಿಸುವಾಗ, ಸರ್ಕಾರ ಬದಲಿಸಿದ ತೆರಿಗೆ ದರವನ್ನು ಜಾರಿಗೆ ತರುವಾಗ ಒಳ್ಳೆಯ ಪಟ್ಟಿ ಮತ್ತು ಎಚ್ಚರದ ಪರೀಕ್ಷೆ ಸಾಕು. ವೈದ್ಯಕೀಯ ಉಪಕರಣ, ವಿಮಾನದಂಥ ಕಡೆ ಪ್ರತಿ ಅಗತ್ಯಕ್ಕೂ ಪುರಾವೆ ಕೊಡಬೇಕು. ಅಲ್ಲಿ ಸಣ್ಣ ಹೆಜ್ಜೆ, ಆಗಾಗ ಪರೀಕ್ಷೆ ಎಂಬುದನ್ನು ಇಟ್ಟುಕೊಳ್ಳಬಹುದು, ಬಿಡುಗಡೆ ಮಾತ್ರ ಅವಸರದ ವಿಷಯವಲ್ಲ.

ಸ್ಕ್ರಮ್ ಮಾಸ್ಟರ್ ಸರ್ಟಿಫಿಕೇಟ್ ಮಾಡಿಕೊಳ್ಳಲೇ?

ಟೀಮಿನಲ್ಲಿ ಸ್ಕ್ರಮ್ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವರೇ ಸ್ಕ್ರಮ್ ಮಾಸ್ಟರ್. ಕೆಲಸ ಹುಡುಕಲು ಬೇಕಿದ್ದರೆ ಆ ಸರ್ಟಿಫಿಕೇಟ್ ಮಾಡಿಕೊಳ್ಳಿ. ಎರಡು ದಿನದ ತರಗತಿ ಯೋಜನೆ ಉಳಿಸುವುದನ್ನು ಕಲಿಸುತ್ತದೆ ಎಂದುಕೊಳ್ಳಬೇಡಿ. ಅದೇ ಹಣದಲ್ಲಿ ಸ್ವಯಂಚಾಲಿತ ಪರೀಕ್ಷೆ ಬರೆಯುವುದನ್ನು ಕಲಿತರೆ ನಿಮ್ಮ ಟೀಮಿಗೆ ಹೆಚ್ಚು ಲಾಭ.

ಹೊಸ ಕಂಪನಿಯ ಸಂದರ್ಶನದಲ್ಲಿ ಅವರು ನಿಜವಾಗಿ ಅಜೈಲ್ ಮಾಡುತ್ತಾರೆಯೇ ಎಂದು ತಿಳಿಯುವುದು ಹೇಗೆ?

ಸ್ಪ್ರಿಂಟ್ ಎಷ್ಟು ವಾರದ್ದು ಎಂದು ಕೇಳಬೇಡಿ, ಅದಕ್ಕೆ ಎಲ್ಲರ ಬಳಿಯೂ ಉತ್ತರವಿದೆ. ಒಂದು ಸಾಲಿನ ಬದಲಾವಣೆ ಮಾಡಿದರೆ ಅದು ಬಳಕೆದಾರರನ್ನು ತಲುಪಲು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿ. ಕಳೆದ ಸಲ ಬಳಕೆದಾರರನ್ನು ಮುಖತಃ ನೋಡಿದ ಡೆವಲಪರ್ ಯಾರು ಎಂದು ಕೇಳಿ. ಬಳಕೆದಾರರ ಮಾತು ಕೇಳಿ ಅರ್ಧಕ್ಕೇ ಕೈಬಿಟ್ಟ ಒಂದು ಸೌಲಭ್ಯದ ಹೆಸರು ಹೇಳಲು ಕೇಳಿ. ಮೂರನೆಯದಕ್ಕೆ ಅವರು ತಡವರಿಸದೆ ಹೆಸರು ಹೇಳಿ, ಏಕೆ ಬಿಟ್ಟೆವೆಂದು ವಿವರಿಸಿದರೆ ಆ ಟೀಮ್ ಸೇರಿ.